ಒಲೆ ಮೇಲಿನ ಅಟ್ಟದಲ್ಲಿ 300 ಪುಸ್ತಕ

ನನ್ನ ಮೊದಲ ಪುಸ್ತಕವನ್ನು ಪ್ರಕಾಶಕರೊಬ್ಬರು ತಂದರು. ಗೌರವಧನದ ಬದಲು 50 ಪ್ರತಿ ಕೊಟ್ಟರು. ಎಷ್ಟು ಅಚ್ಚಾಯಿತು, ಎಷ್ಟು ಹೋಯಿತು ಎಂದು ಕೇಳಿದಾಗೆಲ್ಲ "ಹೋಗ್ತಾ ಇದೆ ಮೇಡಂ" ಎನ್ನುತ್ತಿದ್ದರು. ಆದರೆ ಒಂದು ಮಾತು ಹೇಳಲೇಬೇಕು. ಆ ಪುಸ್ತಕ ಓದಿ ರಾಯಚೂರಿನಿಂದ ಒಬ್ಬರು ಫೋನ್ ಮಾಡಿದ್ದರು, ಅವರೂರಿನ ಲೈಬ್ರರಿಯಲ್ಲಿ ಸಿಕ್ಕಿತಂತೆ. ಹೊಸನಗರದ ಮೂಲೆಯಲ್ಲಿ ಕೂತು ನಾನು ಎಷ್ಟು ಒದ್ದಾಡಿದರೂ ರಾಯಚೂರು ಮುಟ್ಟುತ್ತಿರಲಿಲ್ಲ.

ಎರಡನೆಯದು ಮಳೆಗಾಲದ ಅಡುಗೆಮನೆ ಬಗ್ಗೆ ಬರೆದ ಪ್ರಬಂಧಗಳು. ಅದನ್ನು ನಾನೇ ತಂದೆ. ಇದರಲ್ಲಿ ಹೊಸತೇನೂ ಇಲ್ಲ. ಹಳೇ ಕಾಲದ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ಸುತ್ತಿ ಮಾರಿದವರು. ನನಗೆ ಹೊರಲು ವಾಟ್ಸಾಪ್ ಇತ್ತು ಅಷ್ಟೆ.

ಶುರುವಿನಲ್ಲೇ ಕಾಡಿದ್ದು ಅಕ್ಷರ. ನಾನು ಬರೆದದ್ದು ಮೊಬೈಲಿನಲ್ಲಿ, ಯೂನಿಕೋಡ್. ಶಿವಮೊಗ್ಗದಲ್ಲಿ ಪುಟ ಜೋಡಿಸುವ ಡಿಟಿಪಿಯವರಿಗೆ ಬೇಕಾದದ್ದು ಹಳೇ ನುಡಿ ಫಾಂಟ್, ಅದರ ಸಂಕೇತಗಳೇ ಬೇರೆ. ಬದಲಾಯಿಸಿದ ಮೇಲೆ ಅರ್ಕಾವತ್ತುಗಳು ಪಕ್ಕದ ಅಕ್ಷರಕ್ಕೆ ನೆಗೆದಿದ್ದವು, ಕೆಲವು ಒತ್ತಕ್ಷರ ಮಾಯ. ಮೂರು ಸಲ ಕರಡು ತಿದ್ದಿದೆ. ಮೂರನೇ ಸಲ ನನ್ನ ಕಣ್ಣು ತಪ್ಪನ್ನೇ ಸರಿ ಎಂದು ಓದಲು ಶುರು ಮಾಡಿತ್ತು. ಆಗ ಅತ್ತೆಯ ಕೈಗೆ ಕೊಟ್ಟೆ. ಅವರು ಗಟ್ಟಿಯಾಗಿ ಓದುತ್ತಾ ಹೋದರು, ನಾಲಿಗೆ ತೊಡರಿದಲ್ಲೆಲ್ಲ ತಪ್ಪು ಸಿಕ್ಕಿತು. ಜೊತೆಗೆ ಕೆಸುವಿನ ಪತ್ರೊಡೆಯ ಅಳತೆಯೂ ತಪ್ಪು ಅಂದರು. ಅದನ್ನೂ ತಿದ್ದಿದೆ.

ಪುಸ್ತಕ 118 ಪುಟ ಬಂದಿತ್ತು. ಅಚ್ಚಿನ ಲೆಕ್ಕ ಫಾರ್ಮಿನಲ್ಲಿ, ಅಂದರೆ ಮಡಿಚುವ ದೊಡ್ಡ ಹಾಳೆಯಲ್ಲಿ, ಒಂದು ಫಾರ್ಮಿಗೆ 16 ಪುಟ. ಏಳು ಫಾರ್ಮಿಗೆ 112. ಮಿಕ್ಕ ಆರು ಪುಟಕ್ಕೆ ಇನ್ನೊಂದು ಫಾರ್ಮು ಯಾಕೆ ಅಂತ ಒಂದು ಪ್ರಬಂಧವನ್ನೇ ಕಿತ್ತೆ. ಹೊಟ್ಟೆ ಉರಿಯಿತು, ಪುಸ್ತಕ ಸುಧಾರಿಸಿತು. ಐಎಸ್‌ಬಿಎನ್‌ಗೆ ದುಡ್ಡು ಕೊಡಬೇಡಿ. ಪುಸ್ತಕದ ಗುರುತಿನ ಆ ನಂಬರನ್ನು ಕೊಡುವುದು ಕೇಂದ್ರ ಸರ್ಕಾರದ ರಾಜಾ ರಾಮಮೋಹನ ರಾಯ್ ಸಂಸ್ಥೆ, ಅದೂ ಪುಕ್ಕಟೆ. ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು. ಇನ್ನೊಂದು, 1954ರ ಕಾನೂನಿನ ಪ್ರಕಾರ ಕೋಲ್ಕತ್ತದ ನ್ಯಾಷನಲ್ ಲೈಬ್ರರಿಗೂ ಬೇರೆ ಮೂರು ಲೈಬ್ರರಿಗಳಿಗೂ ಪ್ರಕಾಶಕರೇ ಪ್ರತಿ ಕಳಿಸಬೇಕು. ಈಗ ಪ್ರಕಾಶಕಿ ನಾನೇ ಅಲ್ವಾ, ಕಳಿಸಿದೆ.

ದೊಡ್ಡ ತಪ್ಪು ಮಾಡಿದ್ದು ತಿಂಗಳಿನ ವಿಷಯದಲ್ಲಿ. ಮಳೆಗಾಲದ ಪುಸ್ತಕ ಮಳೆಗಾಲದಲ್ಲೇ ಬರಲಿ ಎಂಬ ಹುಚ್ಚಿಗೆ 2025ರ ಜೂನ್‌ನಲ್ಲಿ ಅಚ್ಚು ಹಾಕಿಸಿದೆ. 300 ಪ್ರತಿ ಬಸ್ಸಿನ ಟಾಪಿನಲ್ಲಿ ಟಾರ್ಪಾಲು ಹೊದ್ದು ಬಂದವು. ವಾರದೊಳಗೆ ಕೆಳಗಿದ್ದ ಪುಸ್ತಕಗಳಿಗೆ ಬೂಷ್ಟು. ನಮ್ಮಲ್ಲಿ ಆ ಕಾಲಕ್ಕೆ ಒಣಗಿರುವ ಜಾಗ ಒಂದೇ, ಒಲೆ ಮೇಲಿನ ಅಟ್ಟ. ಹಲಸಿನ ಹಪ್ಪಳದ ಡಬ್ಬಿಗಳನ್ನು ಸರಿಸಿ ಪುಸ್ತಕ ಹತ್ತಿಸಿದೆವು. ಬೂಷ್ಟು ನಿಂತಿತು, ಹೊಗೆ ವಾಸನೆ ಹತ್ತಿತು.

ಈಗ ದುಡ್ಡು. ಡಿಟಿಪಿ, ಮುಖಪುಟ, ಅಚ್ಚು ಸೇರಿ 25,500 ರೂಪಾಯಿ, ಅಂದರೆ ಪ್ರತಿಗೆ 85. ಬೆಲೆ 150 ಇಟ್ಟೆ. ಅಂಗಡಿಯವರಿಗೆ ಶೇಕಡ 40 ಬಿಟ್ಟರೆ ಕೈಗೆ 90. ಉಳಿಯುವುದು ಐದು ರೂಪಾಯಿ! ಅದೂ ಮಾರಿದ ಮೇಲೆ, ಕೇಳಿ ಕೇಳಿ ಸಾಕಾದ ಮೇಲೆ. ಕಾಲೇಜು ದಿನಗಳಲ್ಲಿ ಗಾಂಧಿ ಬಜಾರಿಗೆ ಹೋದಾಗಲೆಲ್ಲ ನಾನು ನುಗ್ಗುತ್ತಿದ್ದ ಅಂಗಡಿ ಈಗಲೂ ಇದೆ. ಆದರೆ ಮುಂದೆಲ್ಲ ಗೈಡು, ನೋಟ್‌ಬುಕ್ಕು, ಸ್ಪರ್ಧಾತ್ಮಕ ಪರೀಕ್ಷೆ. ಕಥೆ ಕಾದಂಬರಿ ಒಳಗಿನ ಒಂದು ರ‍್ಯಾಕಿಗೆ ಇಳಿದಿದೆ. "ಐದು ಇಟ್ಟು ಹೋಗಿ ಮೇಡಂ" ಎಂದರು. ಅವರನ್ನು ಬೈಯಲು ಮನಸ್ಸು ಬರಲಿಲ್ಲ, ಬಾಡಿಗೆ ಅವರೂ ಕಟ್ಟಬೇಕು.

ಅಂಚೆಯಲ್ಲಿ ಲೆಕ್ಕ ಬೇರೆ. 2025ರ ಮೇ 1ರಿಂದ ಪುಸ್ತಕ ಕಳಿಸಲಿಕ್ಕೆಂದೇ ಜ್ಞಾನ ಪೋಸ್ಟ್ ಎಂಬ ಅಂಚೆ ಸೇವೆ ಬಂದಿದೆ, 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ನಿಧಾನ, ಆದರೆ ಪ್ರತಿಗೆ 40ರ ಆಸುಪಾಸು ಉಳಿಯಿತು. ಹಾಗೆ 112 ಹೋದವು. ಎದುರಿಗೆ ಸಿಕ್ಕವರಿಗೆ ಮಾರಿದ್ದು 50. ಅಂಗಡಿಗಳಲ್ಲಿ ಎಲ್ಲ ಸೇರಿ 14. ಒಂದೇ ಏಟಿಗೆ 70 ಹೋದದ್ದು ನೆಂಟರೊಬ್ಬರ ಷಷ್ಟಿಪೂರ್ತಿಯಲ್ಲಿ, ತಾಂಬೂಲದ ಜೊತೆ ಕೊಡಲಿಕ್ಕೆ. ಸ್ಟೀಲ್ ಬಟ್ಟಲಿಗಿಂತ ಇದು ಅಗ್ಗವಾಯಿತಂತೆ. ಅದನ್ನು ಹೊಗಳಿಕೆ ಅಂತಲೇ ತಗೊಂಡೆ.

ಹಾಗಾದರೆ ಯಾವುದು ಒಳ್ಳೆಯದು ಎಂದು ಗೆಳತಿಯರು ಕೇಳುತ್ತಾರೆ. ಓದುವವರು ಯಾರು ಎಂದು ಗೊತ್ತಿರುವ ಪುಸ್ತಕವನ್ನು ನಾನೇ ತರುತ್ತೇನೆ, ಅವರ ಫೋನ್ ನಂಬರ್ ನನ್ನ ಹತ್ತಿರವೇ ಇದೆಯಲ್ಲ. ಕೈಯಲ್ಲಿರುವ ಕಾದಂಬರಿಯನ್ನು ಮಾತ್ರ ಪ್ರಕಾಶಕರಿಗೇ ಕೊಡುತ್ತೇನೆ. ಈ ಸಲ ಎಷ್ಟು ಪ್ರತಿ, ಶೇಕಡ ಎಷ್ಟು, ಯಾವಾಗ ಲೆಕ್ಕ ಎಂಬುದೆಲ್ಲ ಕಾಗದದಲ್ಲಿ ಬರೆದು ಸಹಿ ಹಾಕಿದ ಮೇಲೆ.

ಅಲ್ಲಿ ಇಲ್ಲಿ ಕೊಟ್ಟದ್ದು, ಹಾಳಾದದ್ದು 13. ಅಟ್ಟದಲ್ಲಿ ಇನ್ನು 41 ಉಳಿದಿವೆ. ಹಪ್ಪಳದ ಕಾಲಕ್ಕೆ ಜಾಗ ಖಾಲಿ ಮಾಡಬೇಕು ಅಂತ ಅತ್ತೆ ಈಗಲೇ ಹೇಳಿದ್ದಾರೆ. ಹೊಗೆ ವಾಸನೆಗೆ ರಿಯಾಯಿತಿ ಇಲ್ಲ.