ಪಿಎಚ್ ಲೆಕ್ಕ: ನಾನು ಮಾಡೋ ರೀತಿ

ಪಿಎಚ್ ಅಂದರೆ ದ್ರಾವಣ ಎಷ್ಟು ಆಮ್ಲೀಯ ಅನ್ನೋದರ ಅಳತೆ: 7ಕ್ಕಿಂತ ಕಡಿಮೆ ಇದ್ದರೆ ಆಮ್ಲ, ಹೆಚ್ಚಿದ್ದರೆ ಪ್ರತ್ಯಾಮ್ಲ. ಲೆಕ್ಕದಲ್ಲಿ ಆಮ್ಲದ ಹೆಸರು ಕಂಡ ಕೂಡಲೇ ಕ್ಯಾಲ್ಕುಲೇಟರ್ ಹಿಡಿಯಬೇಡಿ. ಅದು ನೀರಲ್ಲಿ ಅಯಾನುಗಳಾಗಿ (ವಿದ್ಯುದಾವೇಶ ಇರೋ ಕಣಗಳಾಗಿ) ಪೂರ್ತಿ ಒಡೆಯುತ್ತದಾ, ಸ್ವಲ್ಪ ಮಾತ್ರವಾ? ಮೊದಲು ಅದನ್ನು ನೋಡಿ.

ಹೈಡ್ರೋಕ್ಲೋರಿಕ್ ಆಮ್ಲ ಪೂರ್ತಿ ಒಡೆಯುತ್ತದೆ. ಸಾಂದ್ರತೆ 0.01 ಮೋಲಾರ್ (ಲೀಟರಿಗೆ 0.01 ಮೋಲ್) ಇದ್ದರೆ ಹೈಡ್ರೋಜನ್ ಅಯಾನೂ 0.01. ಅದರ ಲಾಗ್ ಮೈನಸ್ 2, ಚಿಹ್ನೆ ತಿರುಗಿಸಿದರೆ ಪಿಎಚ್ 2. ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ ಅನ್ನೋ ಪ್ರತ್ಯಾಮ್ಲ ಆದರೆ 14ರಿಂದ 2 ಕಳೆಯಿರಿ, 12. (ಈ 14 ಸರಿಹೋಗುವುದು 25 ಡಿಗ್ರಿ ಸೆಲ್ಸಿಯಸ್‌ನಲ್ಲಿ.)

ಅಸಿಟಿಕ್ ಆಮ್ಲ ಸೋಮಾರಿ, ಸ್ವಲ್ಪ ಮಾತ್ರ ಒಡೆಯುತ್ತದೆ. 0.1 ಮೋಲಾರ್ ಇದೆ ಅಂದುಕೊಳ್ಳಿ. ಅದರ ವಿಯೋಜನಾ ಸ್ಥಿರಾಂಕ (ಆಮ್ಲ ಎಷ್ಟರ ಮಟ್ಟಿಗೆ ಒಡೆಯುತ್ತದೆ ಅಂತ ಹೇಳೋ ಸಂಖ್ಯೆ) 0.000018. ಇದನ್ನು ಸಾಂದ್ರತೆಯಿಂದ, ಅಂದರೆ 0.1ರಿಂದ, ಗುಣಿಸಿ ವರ್ಗಮೂಲ ತೆಗೆದರೆ ಹೈಡ್ರೋಜನ್ ಅಯಾನು ಸುಮಾರು 0.00134. ಪಿಎಚ್ 2.87. ನೂರು ಅಣುಗಳಲ್ಲಿ ಒಂದೋ ಎರಡೋ ಒಡೆದಿವೆ, ಅಷ್ಟೇ.

ಆಮ್ಲ, ಪ್ರತ್ಯಾಮ್ಲ ಬೆರೆಸಿದಾಗ ಪಿಎಚ್‌ಗಳ ಸರಾಸರಿ ತೆಗೆಯಬೇಡಿ. ಯಾವುದು ಎಷ್ಟು ಉಳಿಯಿತು ನೋಡಿ. 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲ 50 ಮಿಲಿ, ಅಷ್ಟೇ ಸಾಂದ್ರತೆಯ ಸೋಡಿಯಂ ಹೈಡ್ರಾಕ್ಸೈಡ್ 40 ಮಿಲಿ ಅಂದುಕೊಳ್ಳಿ. 5 ಮಿಲಿಮೋಲ್‌ನಲ್ಲಿ 4 ಹೋಯಿತು, 1 ಉಳಿಯಿತು. ಪರೀಕ್ಷೆಯಲ್ಲಿ ನಾನು ಇದನ್ನು 50ರಿಂದ ಭಾಗಿಸಿ 1.7 ಅಂತ ಬರೆದು ಬಂದಿದ್ದೆ! ಪಾತ್ರೆಯಲ್ಲಿ ಈಗ ಇರೋದು 90 ಮಿಲಿ ಅಲ್ವಾ? 90ರಿಂದ ಭಾಗಿಸಿದರೆ 0.011, ಪಿಎಚ್ 1.95.

ಇನ್ನೊಂದು ಬಲೆ ಇದೆ. ಹೈಡ್ರೋಕ್ಲೋರಿಕ್ ಆಮ್ಲ 0.00000001 ಮೋಲಾರ್ ಅಂದಾಗ ಸುಮ್ನೆ ಲಾಗ್ ತೆಗೆದರೆ 8 ಬರುತ್ತದೆ. ಆಮ್ಲ ಹಾಕಿದ ನೀರು ಪ್ರತ್ಯಾಮ್ಲ ಆಗುವುದುಂಟೇ? ನೀರಿನದೇ ಅಯಾನುಗಳು ಅದಕ್ಕಿಂತ ಜಾಸ್ತಿ ಇವೆ. ಅವನ್ನೂ ಸೇರಿಸಿದರೆ 6.98.