ಗ್ರಾಫೈಟ್‌ಗೆ ಸೋಡಿಯಂ ಇಳಿಸಿದ ನನ್ನ ಅನುಭವ

ಸೋಡಿಯಂ ಬ್ಯಾಟರಿಯ ಋಣ ವಿದ್ಯುದ್ವಾರಕ್ಕೆ ಗ್ರಾಫೈಟ್ (ಪದರ ಪದರವಾಗಿರುವ ಕಾರ್ಬನ್) ಆಗಲ್ಲ ಅಂತ ನಾವು ತರಗತಿಯಲ್ಲಿ ಹೇಳುತ್ತೇವೆ. ಅದು ಅರ್ಧ ಸತ್ಯ. ಸೋಡಿಯಂ ಅಯಾನು ದೊಡ್ಡದು, ಪದರಗಳ ನಡುವೆ ಹಿಡಿಸಲ್ಲ ಅನ್ನುವ ಕಾರಣವಂತೂ ತಪ್ಪು. ಅದಕ್ಕಿಂತ ದಪ್ಪಗಿರುವ ಪೊಟ್ಯಾಸಿಯಂ ಆರಾಮಾಗಿ ಒಳಗೆ ಹೋಗುತ್ತದೆ ಅಲ್ವಾ? ಸೋಡಿಯಂಗೂ ಕಾರ್ಬನ್‌ಗೂ ನಡುವಿನ ಸೆಳೆತ ಕಮ್ಮಿ. ಪದರದೊಳಗೆ ಕೂರುವುದಕ್ಕಿಂತ ಲೋಹವಾಗಿಯೇ ಉಳಿಯುವುದು ಅದಕ್ಕೆ ಲಾಭ.

2014ರಲ್ಲಿ ಜರ್ಮನಿಯ ವಿಜ್ಞಾನಿಗಳಾದ ಬಿರ್ಟೆ ಯಾಕೆ (Jache) ಮತ್ತು ಫಿಲಿಪ್ ಅಡೆಲ್‌ಹೆಲ್ಮ್ ದ್ರಾವಕ ಬದಲಿಸಿದರು. ಬ್ಯಾಟರಿಯಲ್ಲಿ ಮಾಮೂಲಿಯಾಗಿ ಬಳಸುವ ಕಾರ್ಬೋನೇಟ್ ದ್ರಾವಕದ ಜಾಗಕ್ಕೆ ಡೈಗ್ಲೈಮ್ ಎಂಬ ಈಥರ್ ಬಂತು, ಗ್ರಾಫೈಟ್ ಕೆಲಸ ಮಾಡಿತು. ಅದನ್ನು ನಾನೇ ಮಾಡಿ ನೋಡಬೇಕಿತ್ತು.

ಹಾಸನದ ನಮ್ಮ ಲ್ಯಾಬಿನಲ್ಲಿ ಲೇಪನದ ಕೆಲಸ. ಗ್ರಾಫೈಟ್ ಪುಡಿ, ಸಿಎಂಸಿ (ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್) ಅಂಟು, ನೀರು ಕಲಸಿ ತಾಮ್ರದ ಹಾಳೆಯ ಮೇಲೆ ಬಳಿದೆವು. ಮುಂಗಾರಿನಲ್ಲಿ ಇಲ್ಲಿ ಬಟ್ಟೆಯೇ ಒಣಗಲ್ಲ, ಹಾಗಾಗಿ ವ್ಯಾಕ್ಯೂಮ್ ಓವನ್ನೇ ಗತಿ. ಒಣಗಿದ ಬಿಲ್ಲೆಗಳನ್ನು ಮುಚ್ಚಿದ ಚೀಲದಲ್ಲಿ ಬೆಂಗಳೂರಿಗೆ ಒಯ್ದೆ. ಗಾಳಿ, ತೇವ ಸೋಕದಂತೆ ಸೆಲ್ ಕಟ್ಟಲು ಬೇಕಾದ, ಆರ್ಗಾನ್ ತುಂಬಿದ ಗ್ಲೋವ್ ಬಾಕ್ಸ್ ಇರುವುದು ಅಲ್ಲಿ, ಸ್ನೇಹಿತರ ಲ್ಯಾಬಿನಲ್ಲಿ. ಡೈಗ್ಲೈಮ್ ಅನ್ನು ಮೊದಲೇ ಮಾಲಿಕ್ಯುಲರ್ ಸೀವ್ (ನೀರು ಹೀರುವ ಹರಳು) ಹಾಕಿ ಒಣಗಿಸಿಡಬೇಕು. ಡೈಗ್ಲೈಮ್ ಸಂತಾನಶಕ್ತಿಗೆ ಹಾನಿಕರ, ಸುಮ್ನೆ ಮೂಸಿ ನೋಡುವಂಥದ್ದಲ್ಲ.

ಒಂದೇ ಗ್ರಾಫೈಟ್, ಒಂದೇ ಸೋಡಿಯಂ ಉಪ್ಪು, ಎರಡು ದ್ರಾವಕ. ಕಾರ್ಬೋನೇಟ್ ಸೆಲ್‌ನಲ್ಲಿ ವಾಪಸ್ ಬರುವ ಚಾರ್ಜು ಇಲ್ಲವೇ ಇಲ್ಲ ಅನ್ನುವಷ್ಟು. ಡೈಗ್ಲೈಮ್‌ನಲ್ಲಿ ಒಂದು ಗ್ರಾಂಗೆ 100 ಮಿಲಿಆಂಪ್ ಅವರ್ ಆಸುಪಾಸು. ಚಾರ್ಜಿನ ವೇಗ ಎಷ್ಟು ಹೆಚ್ಚಿಸಿದರೂ ಅದು ಹೆಚ್ಚೇನೂ ಇಳಿಯಲಿಲ್ಲ. "ಮೇಡಂ, ರೀಡಿಂಗ್ ಸರಿಯಿದೆಯಾ?" ಅಂತ ನನ್ನ ವಿದ್ಯಾರ್ಥಿ ಮತ್ತೆ ಮತ್ತೆ ಕೇಳಿದ.

ಸರಿಯಾಗೇ ಇತ್ತು. ಡೈಗ್ಲೈಮ್ ಅಣುಗಳು ಸೋಡಿಯಂ ಅನ್ನು ಗಟ್ಟಿಯಾಗಿ ಸುತ್ತಿಕೊಂಡಿರುತ್ತವೆ. ಗ್ರಾಫೈಟ್ ಬಾಗಿಲಲ್ಲೂ ಕೈ ಬಿಡಲ್ಲ, ಸೋಡಿಯಂ ಈ ದಿಬ್ಬಣದ ಸಮೇತವೇ ಒಳಗೆ ಬರುತ್ತದೆ. ಕಾರ್ಬನ್ ಜೊತೆಗಿನ ದುರ್ಬಲ ಸೆಳೆತ ಆಗ ಅಡ್ಡಿಯಾಗುವುದಿಲ್ಲ. ಸುತ್ತಿದ ದ್ರಾವಕ ಕಳಚಿ ಅಯಾನನ್ನು ಬೆತ್ತಲೆ ಮಾಡುವ ಖರ್ಚೂ ಇಲ್ಲ, ಆ ವೇಗಕ್ಕೆ ಮುಖ್ಯ ಕಾರಣ ಇದೇ. ಆದರೆ ಪದರಗಳ ಅಂತರ 3.35 ಆಂಗ್‌ಸ್ಟ್ರಾಮ್‌ನಿಂದ ಸುಮಾರು 11.6ಕ್ಕೆ ಏರುತ್ತದೆ. ಮೂರೂವರೆ ಪಟ್ಟು! ಇಷ್ಟು ಉಬ್ಬಿಯೂ ಗ್ರಾಫೈಟ್ ಸಿಡಿದುಹೋಗದೆ ಸಾವಿರಾರು ಸಲ ಚಾರ್ಜ್ ಆಗುತ್ತದೆ ಅನ್ನುವುದು ನನಗೆ ಇವತ್ತಿಗೂ ಸೋಜಿಗವೇ.

ಹಾಗಾಗಿ ಬಿಲ್ಲೆಯನ್ನು ಪ್ರೆಸ್‌ನಲ್ಲಿ ಜಾಸ್ತಿ ಒತ್ತಬೇಡಿ. ಉಬ್ಬಲು ಜಾಗ ಬೇಕು. ದ್ರಾವಕದ ಲೆಕ್ಕವೂ ಹಾಕಿಕೊಳ್ಳಿ. ಒಂದು ಅಯಾನಿಗೆ ಎರಡು ಡೈಗ್ಲೈಮ್ ಅಂತ ಹಿಡಿದರೆ, 10 ಮಿಲಿಗ್ರಾಂ ಗ್ರಾಫೈಟ್ ಸುಮಾರು 10 ಮಿಲಿಗ್ರಾಂ ದ್ರಾವಕವನ್ನು ಒಳಗೆಳೆದುಕೊಳ್ಳುತ್ತದೆ. ತನ್ನ ತೂಕದಷ್ಟೇ! ಕಾಯಿನ್ ಸೆಲ್‌ನಲ್ಲಿ ದ್ರವ ಧಾರಾಳವಾಗಿರುವುದರಿಂದ ಇದು ಗೊತ್ತೇ ಆಗಲ್ಲ. ಎಲೆಕ್ಟ್ರೋಲೈಟ್ (ಉಪ್ಪು ಕರಗಿಸಿದ ದ್ರಾವಕ) ಅಳೆದು ಹಾಕುವ ದೊಡ್ಡ ಸೆಲ್‌ನಲ್ಲಿ ಇದರಿಂದಲೇ ದ್ರವಕ್ಕೆ ಬರ ಬರುತ್ತದೆ.

ಸ್ಕೂಟರ್‌ಗೆ ಇದನ್ನು ಹಾಕಿ ಅಂತ ನಾನು ಹೇಳಲ್ಲ. ಹಾರ್ಡ್ ಕಾರ್ಬನ್ (ಪದರಗಳು ಅಡ್ಡಾದಿಡ್ಡಿಯಾಗಿರುವ ಕಾರ್ಬನ್) ಗ್ರಾಂಗೆ 300 ಮಿಲಿಆಂಪ್ ಅವರ್ ಹತ್ತಿರ ಕೊಡುತ್ತದೆ, ವೋಲ್ಟೇಜಿನಲ್ಲೂ ಇದಕ್ಕಿಂತ ವಾಸಿ. ಸರಸರ ಚಾರ್ಜ್ ಆಗಿ ಖಾಲಿಯಾಗಬೇಕಾದ, ತೂಕದ ಚಿಂತೆ ಇಲ್ಲದ ಕಡೆ ಇದಕ್ಕೆ ಜಾಗವಿದೆ. ಡೈಗ್ಲೈಮ್ ಬಳಗದವೇ ಆದ ಮೊನೊಗ್ಲೈಮ್, ಟೆಟ್ರಾಗ್ಲೈಮ್ ಕೂಡ ಹೀಗೇ ಒಳಗೆ ಹೋಗುತ್ತವೆ. ನಡುವಿನ ಟ್ರೈಗ್ಲೈಮ್ ಮಾತ್ರ ಯಾಕೋ ಮೊಂಡು. ಈಗ ಅದರ ಸೆಲ್‌ಗಳನ್ನು ಕಟ್ಟುತ್ತಿದ್ದೇನೆ.