ಉಪ್ಪುಗಾಳಿಯ ಗೇಟಿಗೆ ಸತುವಿನ ಕವಚ: ಹಚ್ಚುವುದು ಹೇಗೆ?

ಕಾರವಾರದಿಂದ ಉಳ್ಳಾಲದವರೆಗೆ ಕಡಲ ಪಕ್ಕ ಮನೆ ಇರುವವರಿಗೆಲ್ಲ ಈ ಕಾಟ ಗೊತ್ತು. ಹೊಸ ಬಣ್ಣ ಹೊಡೆದು ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಗೇಟಿನ ವೆಲ್ಡಿಂಗ್ ಮೂಲೆಗಳಲ್ಲಿ ಬಣ್ಣ ಉಬ್ಬುತ್ತದೆ, ಒಳಗಿಂದ ಕೆಂಪು ನೀರು ಇಳಿಯುತ್ತದೆ. ರೆಡ್ ಆಕ್ಸೈಡ್ ಬಳಿದು ಮೇಲೆ ಎನಾಮಲ್ ಹೊಡೆಯುವ ರೂಢಿ ಉಪ್ಪುಗಾಳಿಗೆ ಸಾಲದು. ಅದು ನೀರು, ಗಾಳಿಗೆ ಅಡ್ಡ ನಿಲ್ಲುವ ಪದರ ಅಷ್ಟೇ. ಗೀರು ಬಿದ್ದಲ್ಲಿ ಕಬ್ಬಿಣಕ್ಕೆ ಕಾವಲಿಲ್ಲ. ಸತುವಿನ ಪುಡಿ ತುಂಬಿದ ಜಿಂಕ್ ರಿಚ್ ಪ್ರೈಮರ್ ಹಚ್ಚಿದರೆ, ಸಣ್ಣ ಗೀರು ಬಿದ್ದ ಕಡೆಯೂ ಸತು ತಾನು ಸವೆದು ಕಬ್ಬಿಣವನ್ನು ಉಳಿಸುತ್ತದೆ.

ಕರಗಿದ ಸತುವಿನಲ್ಲಿ ಕಬ್ಬಿಣ ಅದ್ದುವ ವಿಧಾನಕ್ಕೆ ಫ್ರಾನ್ಸಿನ ಸೊರೆಲ್ 1837ರಲ್ಲೇ ಪೇಟೆಂಟ್ ಪಡೆದಿದ್ದರು. ಅದಕ್ಕೆ ಸುಮಾರು 450 ಡಿಗ್ರಿ ಸೆಲ್ಸಿಯಸ್ ಕಾವಿನ ತೊಟ್ಟಿ ಬೇಕು. ಗೋಡೆಗೆ ಕೂರಿಸಿದ ಗೇಟಿಗೆ ಅದು ಆಗದ ಕೆಲಸ. ಸತುವನ್ನು ಬಣ್ಣದಂತೆ ಲೇಪಿಸಿದರೂ ಬಾಳುತ್ತದೆ ಎಂಬುದನ್ನು ದೊಡ್ಡ ಪ್ರಮಾಣದಲ್ಲಿ ತೋರಿಸಿದವರು ಆಸ್ಟ್ರೇಲಿಯಾದ ವಿಕ್ಟರ್ ನೈಟಿಂಗಾಲ್. 1940ರ ದಶಕದಲ್ಲಿ ಅಲ್ಲಿ ಹಾಕಿದ ಮಾರ್ಗನ್–ವೈಯಾಲಾ ನೀರಿನ ಕೊಳವೆ ಮಾರ್ಗಕ್ಕೆ ಅವರ ಜಿಂಕ್ ಸಿಲಿಕೇಟ್ ಲೇಪನವನ್ನೇ ಬಳಸಿದರು. ಮನೆಯ ಗೇಟಿಗೆ ಎಪಾಕ್ಸಿ (ಗಟ್ಟಿಯಾಗಿ ಅಂಟುವ ರಾಳ) ಆಧಾರದ ಜಿಂಕ್ ಪ್ರೈಮರ್ ಅನುಕೂಲ.

ಮೊದಲ ಕೆಲಸ ತೊಳೆಯುವುದು. ಸಿಹಿನೀರು, ಸೋಪು ಹಾಕಿ ಉಪ್ಪು, ಜಿಡ್ಡು ಹೋಗುವಂತೆ ಉಜ್ಜಿ, ಒಣಗಲು ಬಿಡಿ. ತೊಳೆಯದೆ ಗ್ರೈಂಡರ್ ಹಿಡಿದರೆ ಉಪ್ಪು ಕಬ್ಬಿಣದ ಸಣ್ಣ ಕುಳಿಗಳಲ್ಲೇ ಉಳಿಯುತ್ತದೆ.

ಆಮೇಲೆ ತುಕ್ಕು, ಹಳೆ ಬಣ್ಣ ಎಲ್ಲವನ್ನೂ ಕೆರೆದು ಕಬ್ಬಿಣ ಹೊಳೆಯುವಂತೆ ಮಾಡಬೇಕು. ಇಡೀ ಕೆಲಸದ ಜೀವ ಇರುವುದು ಇಲ್ಲೇ. ಸತು ಮತ್ತು ಕಬ್ಬಿಣದ ನಡುವೆ ವಿದ್ಯುತ್ ಹರಿದರೆ ಮಾತ್ರ ಸತು ಕಾಪಾಡುತ್ತದೆ. ಅದಕ್ಕೆ ಎರಡೂ ನೇರ ತಾಗಬೇಕು. ಹಳೆ ಬಣ್ಣದ ಮೇಲೋ ಪುಟ್ಟಿಯ ಮೇಲೋ ಎಷ್ಟೇ ದುಬಾರಿ ಜಿಂಕ್ ಪ್ರೈಮರ್ ಹಚ್ಚಿದರೂ ದುಡ್ಡು ದಂಡ. ತುಕ್ಕನ್ನು ಕಪ್ಪಾಗಿಸುವ ರಸ್ಟ್ ಕನ್ವರ್ಟರ್ ಬೇರೆ ಕಡೆ ಉಪಯುಕ್ತ, ಸತುವಿನ ಕೆಳಗೆ ಮಾತ್ರ ಬೇಡ. ಅದರ ಪದರವೂ ನಡುವೆ ತಡೆಯಾಗುತ್ತದೆ. ತಂತಿ ಬ್ರಷ್ ಮೇಲ್ಮೈಯನ್ನು ನುಣುಪು ಮಾಡಿಬಿಡುತ್ತದೆ. ಹಾಗಾಗಿ ಕೊನೆಗೆ 80 ನಂಬರಿನ ಎಮರಿಯಲ್ಲಿ ಉಜ್ಜಿ, ಬೆರಳಿಗೆ ತರಿತರಿ ಸಿಗುವಂತೆ ಬಿಡಿ.

ಕೆರೆದ ದಿನವೇ ಪ್ರೈಮರ್ ಬೀಳಬೇಕು. ಕರಾವಳಿಯ ತೇವಕ್ಕೆ ಬರಿಯ ಕಬ್ಬಿಣ ಕೆಲವೇ ಗಂಟೆಗಳಲ್ಲಿ ಕಂದುಬಣ್ಣಕ್ಕೆ ತಿರುಗುತ್ತದೆ. ಮಳೆಗಾಲ ಬಿಟ್ಟು ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ದಿನ ಆರಿಸಿಕೊಳ್ಳಿ. ಇಬ್ಬನಿ ಪೂರ್ತಿ ಆರಿದ ಮೇಲೆ ಶುರುಮಾಡಿ.

ಸತು ಭಾರ, ಡಬ್ಬಿಯ ತಳಕ್ಕೆ ಇಳಿದು ಕೂತಿರುತ್ತದೆ. ಕೋಲಿಗೆ ತಳದ ಗಟ್ಟಿ ಸಿಗದ ತನಕ ಕಲಕಿ, ಹಚ್ಚುವಾಗಲೂ ಮತ್ತೆ ಮತ್ತೆ ಕಲಕುತ್ತಿರಿ. ಇಲ್ಲವಾದರೆ ಮೇಲಿನ ತಿಳಿಯನ್ನಷ್ಟೇ ಹಚ್ಚಿದಂತಾಗುತ್ತದೆ. ಥಿನ್ನರ್ ಡಬ್ಬಿಯ ಮೇಲೆ ಹೇಳಿದ್ದಕ್ಕಿಂತ ಒಂದು ಹನಿಯೂ ಹೆಚ್ಚು ಬೇಡ. ವೆಲ್ಡಿಂಗ್ ಜಾಗ, ಅಂಚು, ಬೋಲ್ಟುಗಳಿಗೆ ಬ್ರಷ್‌ನಲ್ಲಿ ಮೊದಲೇ ಒಂದು ಕೈ ಹಾಕಿ, ಆಮೇಲೆ ಇಡೀ ಗೇಟಿಗೆ ಹಚ್ಚಿ. ಒಣಗಿದ ಪದರ 50ರಿಂದ 75 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗ ಒಂದು ಮೈಕ್ರಾನ್) ಇದ್ದರೆ ಚೆನ್ನ.

ಇದರ ಮೇಲೆ ನೇರ ಎನಾಮಲ್ ಹೊಡೆಯಬೇಡಿ. ಅದರ ಎಣ್ಣೆಯ ಅಂಶ ಸತುವಿನ ಜೊತೆ ಸೇರಿ ಸೋಪಿನಂಥ ಪದರವಾಗಿ, ಬಣ್ಣ ಸಿಪ್ಪೆಯಂತೆ ಏಳುತ್ತದೆ. ನಡುವೆ ಎಪಾಕ್ಸಿ, ಮೇಲೆ ಪಿಯು (ಪಾಲಿಯುರೆಥೇನ್) ಕೋಟ್ ಹಾಕಿಸಿ; ಎಪಾಕ್ಸಿಯೊಂದೇ ಆದರೆ ಬಿಸಿಲಿಗೆ ಪುಡಿಪುಡಿಯಾಗುತ್ತದೆ. ಇವು ಎರಡು ಡಬ್ಬಿ ಬೆರೆಸುವ ಬಣ್ಣಗಳು, ಕೆಲ ಗಂಟೆಗಳಲ್ಲಿ ಗಟ್ಟಿಯಾಗುತ್ತವೆ. ಬೇಕಾದಷ್ಟೇ ಬೆರೆಸಿ. ಪಿಯು ಬಣ್ಣವನ್ನು ಗಟ್ಟಿಯಾಗಿಸುವ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಎಂಬ ರಾಸಾಯನಿಕ ಶ್ವಾಸಕೋಶಕ್ಕೆ ಅಪಾಯಕಾರಿ. ಸ್ಪ್ರೇ ಬಿಟ್ಟು ಬ್ರಷ್‌ನಲ್ಲೇ, ಬಯಲಲ್ಲೇ ಹಚ್ಚಿಸಿ. ಪೇಂಟರ್‌ಗೆ ರಾಸಾಯನಿಕ ಹಬೆ ತಡೆಯುವ ಮಾಸ್ಕ್, ಗ್ಲೌಸ್ ಕೊಡಿಸಿ. ಬಟ್ಟೆಯ ಮಾಸ್ಕ್ ಸಾಲದು.

ಹೊಸದಾಗಿ ಗೇಟು ಮಾಡಿಸುವವರು ಸತು, ಅಲ್ಯುಮಿನಿಯಂ, ಮೆಗ್ನೀಸಿಯಂ ಮೂರೂ ಬೆರೆತ ಲೇಪನದ ಶೀಟು ಸಿಗುತ್ತದೆಯೇ ಕೇಳಿ ನೋಡಿ. ಜಪಾನಿನ ನಿಶಿನ್ ಸ್ಟೀಲ್ 2000ನೇ ಇಸವಿಯಲ್ಲಿ ತಂದ ಜ್ಯಾಮ್ ಎಂಬ ಲೇಪನದಲ್ಲಿ 6 ಶೇಕಡಾ ಅಲ್ಯುಮಿನಿಯಂ, 3 ಶೇಕಡಾ ಮೆಗ್ನೀಸಿಯಂ ಇತ್ತು. ಇಂಥ ಲೇಪನದ ವಿಶೇಷ ಕತ್ತರಿಸಿದ ಅಂಚಿನಲ್ಲಿ ಕಾಣುತ್ತದೆ: ಲೇಪನ ಸವೆದು ಉಂಟಾದ ದಟ್ಟ ಪದರವೇ ಬರಿಯ ಅಂಚಿನ ಮೇಲೆ ಹರಡಿ ಮುಚ್ಚುತ್ತದೆ. ವೆಲ್ಡಿಂಗ್ ಬಿಸಿಗೆ ಮಾತ್ರ ಇದೂ ಸುಟ್ಟುಹೋಗುತ್ತದೆ. ಬೆಸೆಯುವ ಜಾಗದ ಲೇಪನವನ್ನು ಮೊದಲೇ ಗ್ರೈಂಡ್ ಮಾಡಿಸಿ, ಸತುವಿನ ಹೊಗೆ ಕುಡಿದ ವೆಲ್ಡರ್‌ಗೆ ಜ್ವರ ಬರುತ್ತದೆ. ಬೆಸುಗೆ ತಣಿದ ಮೇಲೆ ಆ ಜಾಗವನ್ನು ಮತ್ತೆ ಉಜ್ಜಿ, ಜಿಂಕ್ ಪ್ರೈಮರ್ ಹಚ್ಚಿಸಿ.